ಅಜ್ಜನ ಕಾಲದಲ್ಲಿ ಹಣ್ಣು ಬಿಡದ ಕಾಸರಕ ಈಗ ಯಾಕೆ ಬಿಡುತ್ತಿದೆ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯವರು. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಎರಡು ವರ್ಷದ ಹಿಂದೆ ಊರಿಗೆ ಬಂದೆವು. ಮನೆಯ ಹಿಂದೆ, ಬಾವಿಯಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ದೊಡ್ಡ ಕಾಸರಕನ ಮರ ಇದೆ. ಬುಡದಲ್ಲಿ ಗುಳಿಗ ದೈವದ ಕಲ್ಲು. ಅತ್ತೆ ಮದುವೆಯಾಗಿ ಬಂದ ದಿನದಿಂದ ಈ ಮರ ನೋಡಿದವರು. ಆಗೆಲ್ಲ ಅದು ಹಣ್ಣು ಬಿಟ್ಟದ್ದೇ ನೆನಪಿಲ್ಲ ಅನ್ನುತ್ತಾರೆ. ಈಗ ಡಿಸೆಂಬರ್ ಬಂತೆಂದರೆ ಅಂಗಳದ ತುಂಬ ಕಿತ್ತಳೆ ಬಣ್ಣದ ಹಣ್ಣು. ಗುಳಿಗನಿಗೆ ಸರಿಯಾಗಿ ನಡೆಸದ್ದಕ್ಕೆ ಹೀಗಾಗಿದೆ ಎಂದು ಅವರ ಭಯ. ನನ್ನ ಭಯ ಬೇರೆ. ನಾಲ್ಕು ವರ್ಷದ ಮಗಳು ಮೊನ್ನೆ ಒಂದು ಹಣ್ಣನ್ನು ಚೆಂಡು ಮಾಡಿಕೊಂಡು ಆಡುತ್ತಿದ್ದಳು. ಹಟ್ಟಿಯಲ್ಲಿ ಹಸು, ಕರು ಇವೆ. ಎಲೆ ಉದುರಿ ಬಾವಿಗೆ ಬೀಳುತ್ತದೆ. ಪಕ್ಕದ ಮನೆಯವರು ಗಂಟುನೋವಿಗೆ ಬೀಜ ಬೇಕು, ಹಾಲಿನಲ್ಲಿ ಬೇಯಿಸಿ ತಿಂದರೆ ಆಯಿತು ಎಂದು ಕೇಳುತ್ತಿದ್ದಾರೆ. ಗಂಡ ಕಡಿದು ಹಾಕೋಣ ಅನ್ನುತ್ತಾರೆ. ಮೈದುನ ಮೇಷ್ಟ್ರು, ‘ಜಿಲ್ಲೆಗೆ ಹೆಸರು ಕೊಟ್ಟ ಮರ, ಕಡಿಯುವುದಾ?’ ಎಂದು ಜಗಳಕ್ಕೇ ಬಂದಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲು ಮಗಳ ವಿಷಯ. ಹಣ್ಣು ಮುಟ್ಟಿದ್ದರಿಂದ, ಉರುಳಿಸಿ ಆಡಿದ್ದರಿಂದ ಏನೂ ಆಗುವುದಿಲ್ಲ. ಸಿಪ್ಪೆ ಗಟ್ಟಿ, ಒಡೆಯದ ಹಣ್ಣು ಮುಟ್ಟಿದರೆ ವಿಷ ಮೈಗೆ ಇಳಿಯುವುದಿಲ್ಲ. ಸಾಬೂನು ಹಾಕಿ ಕೈ ತೊಳೆಸಿದರೆ ಸಾಕು. ಅಪಾಯ ಇರುವುದು ಹಣ್ಣು ಒಡೆದು, ಬೀಜ ಬಾಯಿಗೆ ಹೋದಾಗ. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಅತ್ತೆಯವರ ಮಾತು. ಹಣ್ಣು ಬಿಟ್ಟದ್ದೇ ನೆನಪಿಲ್ಲ ಅಂದರಲ್ಲ, ಅದು ಸುಳ್ಳಲ್ಲ. ಮರೆವೂ ಅಲ್ಲ. ಈ ಮಾತನ್ನು ನಾನು ಬದಿಯಡ್ಕದಲ್ಲೂ ಕೇಳಿದ್ದೇನೆ, ಪೆರ್ಲದಲ್ಲೂ ಕೇಳಿದ್ದೇನೆ. ‘ಮೊದಲು ಬರೀ ಸೊಪ್ಪಿನ ಮರವಾಗಿತ್ತು, ಈಗ ಏನೋ ಆಗಿದೆ’ ಅನ್ನುತ್ತಾರೆ. ಮರಕ್ಕೆ ಏನೂ ಆಗಿಲ್ಲ. ನಮಗೆ ಆಗಿದೆ.

ನಿಮ್ಮ ಮನೆಯ ಕೆಳಗೆ ಈಗ ಅಡಿಕೆ ತೋಟ ಇರುವ ಜಾಗದಲ್ಲಿ ಮೊದಲು ಗದ್ದೆ ಇತ್ತೇ ಎಂದು ಅತ್ತೆಯವರನ್ನೇ ಕೇಳಿ ನೋಡಿ. ಇದ್ದೇ ಇರುತ್ತದೆ ಎಂದು ನನ್ನ ಊಹೆ. ಏಣಿಲು, ಅಂದರೆ ಮಳೆಗಾಲದ ಮೊದಲ ಬೆಳೆಗೆ ಗದ್ದೆ ಹದ ಮಾಡುವ ಮೊದಲು ಗುಡ್ಡದಿಂದ, ಹಿತ್ತಿಲಿನಿಂದ ಹೊರೆ ಹೊರೆ ಸೊಪ್ಪು ತಂದು ಕೆಸರಿಗೆ ಹಾಕಿ ತುಳಿಯುತ್ತಿದ್ದರು. ಕಾಸರಕನ ಸೊಪ್ಪಿಗೆ ಅದರಲ್ಲಿ ಮರ್ಯಾದೆ ಜಾಸ್ತಿ. ಕಹಿ ಸೊಪ್ಪು, ಹುಳ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ. ತೆಂಗಿನ ಬುಡಕ್ಕೂ ಅದನ್ನೇ ಹಾಕುತ್ತಿದ್ದರು. ಹಾಗಾಗಿ ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಮರವನ್ನು ಬೋಳು ಬೋಳಾಗಿ ಸವರುತ್ತಿದ್ದರು.

ಈಗ ಮರದ ಕಡೆಯಿಂದ ನೋಡಿ. ಕಾಸರಕ ಹೂ ಬಿಡುವುದು ಮಾರ್ಚಿನಿಂದ ಮೇ ತನಕ. ಹಸಿರು ಕಲಸಿದ ಬಿಳಿಯ ಸಣ್ಣ ಹೂ, ಹೊಸ ಚಿಗುರಿನ ತುದಿಯಲ್ಲಿ ಗೊಂಚಲಾಗಿ ಬರುತ್ತದೆ. ಸೊಪ್ಪು ಕಡಿಯುವವನ ಕತ್ತಿ ಮೊದಲು ತಗಲುವುದು ಆ ತುದಿಗೇ. ಹೂವೂ ಹೋಯಿತು, ಹಣ್ಣೂ ಹೋಯಿತು. ಮುಂದಿನ ವರ್ಷ ಮತ್ತೆ ಚಿಗುರು, ಮತ್ತೆ ಕತ್ತಿ. ಐವತ್ತು ವರ್ಷ ಹೀಗೆ ನಡೆದರೆ ಮನೆಯವರು ಆ ಮರದ ಹಣ್ಣು ನೋಡುವುದೇ ಇಲ್ಲ. ಗದ್ದೆ ಹೋಗಿ ತೋಟ ಬಂತು, ಗೊಬ್ಬರ ಚೀಲದಲ್ಲಿ ಬಂತು, ಸೊಪ್ಪಿಗೆ ಮರ ಹತ್ತುವವರು ಇಲ್ಲವಾದರು. ಎರಡು ಮೂರು ವರ್ಷ ಕತ್ತಿ ತಾಗದೇ ಇದ್ದದ್ದೇ ಮರ ತನ್ನ ಪಾಡಿಗೆ ಹೂ ಬಿಟ್ಟು ಹಣ್ಣಾಗಿದೆ. ಗುಳಿಗನ ಸಿಟ್ಟು ಇದರಲ್ಲಿ ಇಲ್ಲ ಎಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಿ.

ಇನ್ನು ವಿಷದ ಮಾತು. ಇದರಲ್ಲಿ ಸುಮ್ನೆ ಹೆದರಿಸುವುದೂ ಬೇಡ, ಮುಚ್ಚಿಡುವುದೂ ಬೇಡ. ಹಣ್ಣು ಐದರಿಂದ ಎಂಟು ಸೆಂಟಿಮೀಟರ್ ಅಗಲ, ಮಾಗಿದಾಗ ಥೇಟ್ ಸಣ್ಣ ಕಿತ್ತಳೆ. ಒಳಗೆ ಬಿಳಿ ಲೋಳೆಯಂಥ ತಿರುಳು, ಅದರಲ್ಲಿ ಬೂದು ಬಣ್ಣದ ಚಪ್ಪಟೆ ಬೀಜಗಳು. ಅಂಗಿಯ ದೊಡ್ಡ ಗುಂಡಿಯ ಹಾಗೆ ದುಂಡಗೆ ಇರುತ್ತವೆ, ಮೇಲೆ ರೇಷ್ಮೆಯಂಥ ನಯವಾದ ರೋಮ. ನೋಡಲು ಚೆಂದ, ಮಕ್ಕಳಿಗೆ ಆಡಲು ಹೇಳಿ ಮಾಡಿಸಿದ ಹಾಗಿರುತ್ತವೆ. ತೊಂದರೆ ಅದೇ. ಮರದ ಎಲ್ಲ ಭಾಗದಲ್ಲೂ ಅಷ್ಟಿಷ್ಟು ವಿಷ ಇದೆ, ಬೀಜದಲ್ಲಿ ಗಟ್ಟಿಯಾಗಿ ಸೇರಿಕೊಂಡಿದೆ. ಮುಖ್ಯವಾದವು ಎರಡು: ಸ್ಟ್ರಿಕ್ನಿನ್, ಬ್ರೂಸಿನ್. 1818ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂಟೂ ಸ್ಟ್ರಿಕ್ನಿನ್ ಬೇರ್ಪಡಿಸಿದರು. ಎರಡು ವರ್ಷ ಬಿಟ್ಟು ಮಲೇರಿಯಾದ ಕ್ವಿನೈನ್ ಬೇರ್ಪಡಿಸಿದವರೂ ಇವರೇ. ಒಂದು ಕೊಲ್ಲುವ ಕಹಿ, ಇನ್ನೊಂದು ಬದುಕಿಸುವ ಕಹಿ.

ಈ ವಿಷ ಮೈಯಲ್ಲಿ ಏನು ಮಾಡುತ್ತದೆ? ನಮ್ಮ ಸ್ನಾಯುಗಳಿಗೆ ‘ಬಿಗಿ’ ಎಂಬ ಆಜ್ಞೆ ಹೋಗುವ ಹಾಗೆ ‘ಸಾಕು, ಬಿಡು’ ಎಂಬ ಆಜ್ಞೆಯೂ ಹೋಗುತ್ತಿರುತ್ತದೆ. ಬೆನ್ನುಹುರಿಯಲ್ಲಿ ಆ ‘ಸಾಕು’ ಹೇಳುವ ವಸ್ತು ಗ್ಲೈಸಿನ್. ಸ್ಟ್ರಿಕ್ನಿನ್ ಅದರ ಬಾಯಿ ಕಟ್ಟುತ್ತದೆ. ಆಗ ಬ್ರೇಕಿಲ್ಲದ ಗಾಡಿ. ಬಾಗಿಲು ಬಡಿದ ಸದ್ದು, ಯಾರೋ ಮುಟ್ಟಿದ್ದು, ಅಷ್ಟಕ್ಕೇ ಇಡೀ ಮೈ ಸೆಟೆದುಕೊಳ್ಳುತ್ತದೆ. ರೋಗಿಗೆ ಪ್ರಜ್ಞೆ ಇರುತ್ತದೆ, ಅದೇ ಇದರ ಘೋರ. ಉಸಿರಾಟದ ಸ್ನಾಯುಗಳೂ ಬಿಗಿದರೆ ಜೀವ ಹೋಗುತ್ತದೆ. ಹಿಂದೆ ಬೀದಿ ನಾಯಿಗಳಿಗೆ ಇಡುತ್ತಿದ್ದ ವಿಷ ಇದೇ.

ಆದ್ದರಿಂದ ಬೀಜ ಅಥವಾ ತಿರುಳು ಮಗುವಿನ ಬಾಯಿಗೆ ಹೋಯಿತು ಎಂಬ ಸಂಶಯ ಬಂದರೆ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಕಾಲು ಗಂಟೆ ಅರ್ಧ ಗಂಟೆಯಲ್ಲಿ ಶುರುವಾಗಬಹುದು. ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಏನನ್ನೂ ಕುಡಿಸಬೇಡಿ. ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, 108ಕ್ಕೆ ಫೋನ್ ಮಾಡಿ, ಐಸಿಯು ಮತ್ತು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಗಲಾಟೆ ಬೇಡ, ಮೈ ಕುಲುಕಾಡಿಸುವುದು ಬೇಡ. ಒಂದು ಹಣ್ಣನ್ನೋ ಬೀಜವನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಯಾವ ಕಾಯಿ ಎಂದು ಡಾಕ್ಟರಿಗೆ ಗೊತ್ತಾದರೆ ಅರ್ಧ ಕೆಲಸ ಹಗುರ. ಬೀಜದ ಸಿಪ್ಪೆ ಗಟ್ಟಿ, ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಹೋಗಲೂಬಹುದು. ಮಗು ಅಗಿದಿದೆಯೋ ಇಲ್ಲವೋ ಎಂದು ಯಾರು ನೋಡಿದ್ದಾರೆ?

ಹಕ್ಕಿಗಳು ತಿನ್ನುತ್ತವಲ್ಲ, ಹಾಗಾದರೆ ತಿರುಳು ನಿರಪಾಯ ಎಂಬ ಮಾತೂ ಇದೆ. ಹಕ್ಕಿ ತಿನ್ನುವುದು ನಿಜ. ಅವು ತಿರುಳು ತಿಂದು ಬೀಜ ಉದುರಿಸುತ್ತವೆ, ಮರ ಹರಡುವುದೇ ಹಾಗೆ. ಹಕ್ಕಿಯ ಹೊಟ್ಟೆಯ ಲೆಕ್ಕ ನಮ್ಮ ಹೊಟ್ಟೆಗೆ ಹೊಂದುವುದಿಲ್ಲ.

ಪಕ್ಕದ ಮನೆಯವರ ಗಂಟುನೋವಿಗೆ ಬರೋಣ. ಆಯುರ್ವೇದದಲ್ಲಿ ಈ ಬೀಜಕ್ಕೆ ವಿಷಮುಷ್ಟಿ, ಕುಪೀಲು ಎಂಬ ಹೆಸರಿದೆ, ಮದ್ದಿಗೂ ಬಳಸುತ್ತಾರೆ. ಆದರೆ ಅದಕ್ಕೆ ಮೊದಲು ಶುದ್ಧಿ ಮಾಡುವ ಕ್ರಮ ಇದೆ: ಗೋಮೂತ್ರದಲ್ಲಿ ನೆನೆಸುವುದು, ಹಾಲಿನಲ್ಲಿ ಬೇಯಿಸುವುದು, ಸಿಪ್ಪೆ ಮತ್ತು ಒಳಗಿನ ಮೊಳಕೆ ತೆಗೆಯುವುದು, ತುಪ್ಪದಲ್ಲಿ ಹುರಿಯುವುದು. ಎಷ್ಟು ದಿನ, ಎಷ್ಟು ಹೊತ್ತು ಎಂಬುದರಲ್ಲೇ ಎಲ್ಲ ಇರುವುದು. ಅಷ್ಟಾದರೂ ವಿಷ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಅದಕ್ಕೇ ನಮ್ಮ ದೇಶದ ಔಷಧ ನಿಯಮಗಳು ಇದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿ ಇಟ್ಟಿವೆ. ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು ಎಂದು ಇದು ಸೇರಿದ ಮದ್ದಿನ ಮೇಲೆ ಬರೆದಿರಬೇಕು. ‘ಹಾಲಿನಲ್ಲಿ ಬೇಯಿಸಿದರೆ ಆಯಿತು’ ಎಂಬುದು ಇಡೀ ಕ್ರಮದ ಒಂದು ತುಂಡನ್ನು ಹಿಡಿದುಕೊಂಡ ಮಾತು. ನೆರೆಯವರಿಗೆ ಬೇಸರವಾದರೂ ಅಡ್ಡಿಯಿಲ್ಲ, ಬೀಜ ಕೊಡಬೇಡಿ. ಮರದ ಮೇಲೆ ಬದನಿಕೆ ಬೆಳೆದಿದ್ದರೆ ಅದನ್ನೂ ಮದ್ದಿಗೆ ಕೊಡಬೇಡಿ. ಆಸರೆ ಮರದ ವಿಷ ಅದಕ್ಕೂ ಏರಿರಬಹುದು.

ಬಾವಿಯ ಬಗ್ಗೆ ನಿಮ್ಮ ಭಯ ಅರ್ಧ ಸರಿ. ಬೇರಿನಿಂದ ನೀರಿಗೆ ವಿಷ ಇಳಿಯುತ್ತದೆ ಎಂಬುದನ್ನು ಬಿಟ್ಟುಬಿಡಿ. ನಾಲ್ಕು ಎಲೆ ಬಿದ್ದರೂ ಬಾವಿ ತುಂಬ ನೀರಿನಲ್ಲಿ ಅದು ಲೆಕ್ಕಕ್ಕಿಲ್ಲ. ಸ್ಟ್ರಿಕ್ನಿನ್ ಎಷ್ಟು ಕಹಿ ಎಂದರೆ ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಆದರೆ ಹಣ್ಣು ಬಿದ್ದು ಕೆಸರಿನಲ್ಲಿ ಕೊಳೆಯುವುದು ಬೇರೆ ವಿಷಯ. ಕುಡಿಯುವ ನೀರಿನಲ್ಲಿ ಅದು ಇರಲೇಬಾರದು. ಬಾವಿಗೆ ಬಲೆ ಹಾಸಿ, ಈ ಬೇಸಿಗೆಯಲ್ಲಿ ಒಮ್ಮೆ ಕೆಸರು ತೆಗೆಸಿ. ನೀರು ಕಹಿಯಾಗಿದೆ ಅನ್ನಿಸಿದರೆ ಆ ದಿನವೇ ನಿಲ್ಲಿಸಿ.

ಹಸುಗಳು ಕಹಿಗೆ ಹೆದರಿ ಸಾಮಾನ್ಯವಾಗಿ ಈ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಕರುವಿಗೆ ಅಷ್ಟು ಬುದ್ಧಿ ಇಲ್ಲ. ಹಟ್ಟಿಗೆ ಹಾಸುವ ಸೊಪ್ಪಿನಲ್ಲಿ ಇದು ಬೆರೆಯದಂತೆ ನೋಡಿಕೊಳ್ಳಿ, ಅಷ್ಟು ಸಾಕು.

ಮೇಷ್ಟ್ರ ಜಗಳ ನನಗೂ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ. ಕಾಸರಗೋಡು ಎಂಬ ಹೆಸರಿಗೆ ಎರಡು ವಿವರಣೆ ಇವೆ. ಒಂದು, ಕಾಸಾರ ಎಂದರೆ ಕೆರೆ, ಅದರಿಂದ ಬಂತು ಎಂಬುದು. ಇನ್ನೊಂದು, ಕಾಸರಕನ ಕಾಡಿನಿಂದ ಬಂತು ಎಂಬುದು. ಸಂಸ್ಕೃತದಲ್ಲಿ ಇದು ಕಾರಸ್ಕರ. ಪಾಣಿನಿ ಕೂಡ ‘ಕಾರಸ್ಕರ ಎಂದರೆ ಒಂದು ಮರ’ ಎಂದು ಸೂತ್ರ ಮಾಡಿ ಹೇಳಿದ್ದಾನೆ. ಎರಡರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವವನು ನಾನಲ್ಲ, ಗಿಡಮರದವನು. ಆದರೆ ಮನಸ್ಸು ಮರದ ಕಡೆಗೇ ವಾಲುತ್ತದೆ. ಯಾಕೆಂದರೆ ಈ ಮರ ಊರಿಗೆ ಹೆಸರು ಕೊಟ್ಟದ್ದು ಒಂದೇ ಕಡೆ ಅಲ್ಲ. ಹೊನ್ನಾವರದ ಎದುರು, ಶರಾವತಿ ಕಡಲು ಸೇರುವಲ್ಲಿ ಕಾಸರಕೋಡು ಇದೆ. 2020ರಲ್ಲಿ ಅಲ್ಲಿನ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಎಂಬ ಸ್ವಚ್ಛ ಕಡಲತೀರದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತಲ್ಲ, ಆಗ ನಮ್ಮ ಕಾಸರಗೋಡೇ ಎಂದು ಖುಷಿಪಟ್ಟವರನ್ನು ನಾನೇ ಕಂಡಿದ್ದೇನೆ! ಮಲಯಾಳದಲ್ಲಿ ಮರದ ಹೆಸರು ಕಾಞಿರಂ. ಕಣ್ಣೂರಿನ ಕಾಞಿರೋಡ್, ಪಾಲಕ್ಕಾಡಿನ ಕಾಞಿರಪ್ಪುಳ, ಕೋಟ್ಟಯಂನ ಕಾಞಿರಪ್ಪಳ್ಳಿ, ಎಲ್ಲದರ ತಲೆಯಲ್ಲೂ ಆ ಮರ ಕೂತಿದೆ. ತುಳುವಿನಲ್ಲಿ ಇದು ಕಾಯೆರ್. ಸುಳ್ಯದ ಕಾಯರ್ತೋಡಿ, ಬೆಳ್ತಂಗಡಿಯ ಕಾಯರ್ತಡ್ಕ ಎಂಬ ಹೆಸರು ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಮರವೇ.

ಒಳ್ಳೆ ಹಣ್ಣಿನ ಮರಗಳು ಎಷ್ಟೋ ಇರುವಾಗ ವಿಷದ ಮರದ ಹೆಸರನ್ನು ಯಾಕೆ ಇಟ್ಟರು? ನನ್ನ ಲೆಕ್ಕ ಹೀಗಿದೆ. ಮಾವು ಹಲಸು ಎಲ್ಲ ಹಿತ್ತಿಲಲ್ಲೂ ಇರುತ್ತಿತ್ತು, ಅದರಿಂದ ಜಾಗದ ಗುರುತು ಸಿಗುವುದಿಲ್ಲ. ಕಾಸರಕ ಇರುವ ಕಡೆ ಎಂದರೆ ಮಕ್ಕಳಿಗೂ ಗೊತ್ತಿರಬೇಕಾದ ಜಾಗ. ದನ ಮೇಯಿಸುವವನಿಗೂ, ಸೊಪ್ಪು ತರುವವನಿಗೂ ಅದು ಎಲ್ಲಿದೆ ಎಂದು ತಿಳಿದಿರಲೇಬೇಕು. ಹೀಗಾಗಿ ಮೇಷ್ಟ್ರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಜಿಲ್ಲೆಯ ಹೆಸರಿಗಾಗಿ ನಾಲ್ಕು ವರ್ಷದ ಮಗು ಆಡುವ ಅಂಗಳದಲ್ಲಿ ಹಣ್ಣು ಉದುರಿಸುತ್ತ ಮರ ನಿಲ್ಲಬೇಕು ಎಂದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಕಡಿಯುವುದಾದರೆ ಮೊದಲು ನಿಮ್ಮ ಜಾಗದ ಪಟ್ಟಾ ಎಂಥದ್ದು ಎಂದು ನೋಡಿ, ಹತ್ತಿರದ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಆದರೆ ಕಡಿದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಕೊರಡು ಚಿಗುರುತ್ತದೆ. ನೆಲದಲ್ಲಿ ಬಿದ್ದ ಬೀಜ ಮೊಳೆಯುತ್ತದೆ. ಅದಕ್ಕಿಂತ ದೊಡ್ಡದು ಬಾವಿ. ಹತ್ತು ಹನ್ನೆರಡು ಅಡಿ ದೂರದ ಹಳೇ ಮರದ ಬೇರು ಬಾವಿಯ ದಡದ ಮಣ್ಣು ಹಿಡಿದುಕೊಂಡಿರುತ್ತದೆ. ಕಡಿದ ನಾಲ್ಕೈದು ವರ್ಷಕ್ಕೆ ಆ ಬೇರು ಕೊಳೆತಾಗ ದಡ ಕುಸಿದದ್ದನ್ನು ನಾನು ನೋಡಿದ್ದೇನೆ. ಕೆಳಗೆ ಗಟ್ಟಿ ಮುರಕಲ್ಲು ಇದ್ದರೆ ಚಿಂತೆ ಕಡಿಮೆ, ಮೇಲೆ ಬರೀ ಮಣ್ಣಿದ್ದರೆ ದಡಕ್ಕೆ ಕಲ್ಲು ಕಟ್ಟಿಸಿ ಆಮೇಲೆ ಮರಕ್ಕೆ ಕೈ ಹಾಕಿ.

ಇದ್ದ ಹಾಗೇ ಬಿಟ್ಟು, ಬಿದ್ದ ಹಣ್ಣು ಗುಡಿಸುತ್ತ ಇರುವುದು ಇನ್ನೊಂದು ದಾರಿ. ನವೆಂಬರಿನಿಂದ ಜನವರಿ ತನಕ ದಿನಕ್ಕೆ ಎರಡು ಸಲ ಗುಡಿಸಬೇಕು. ನನ್ನ ಅನುಭವದಲ್ಲಿ ಇದು ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಮನೆಯಲ್ಲಿ ಯಾರಿಗೋ ಜ್ವರ, ಯಾರದೋ ಮದುವೆ. ಸಣ್ಣ ಮಗು ಇರುವ ಮನೆಗೆ ಇದು ಬೇಡ.

ನನ್ನ ಸಲಹೆ ಕೇಳುವುದಾದರೆ, ಅಜ್ಜ ಮಾಡಿದ್ದನ್ನೇ ಮಾಡಿ. ವರ್ಷಕ್ಕೊಮ್ಮೆ, ಹೂ ಬಂದ ಮೇಲೆ ಮಳೆಗೆ ಮುಂಚೆ, ಅಂದರೆ ಮೇ ಮೊದಲ ಎರಡು ವಾರದೊಳಗೆ ಸೊಪ್ಪು ಸವರಿಸಿ. ತುದಿಯಲ್ಲಿ ಒಂದೆರಡು ಸಣ್ಣ ಕೊಂಬೆ ಬಿಡಲಿ, ಪೂರ್ತಿ ಬೋಳಿಸಿದರೆ ಹಳೇ ಮರಕ್ಕೆ ಕಷ್ಟ. ಆ ಕೊಂಬೆಯಲ್ಲಿ ನಾಲ್ಕು ಕಾಯಿ ಹಿಡಿದರೆ ಹಸಿರಿರುವಾಗಲೇ ದೋಟಿಯಲ್ಲಿ ಕೆಡವಿ. ಬಾವಿಯ ಮೇಲೆ ಚಾಚಿದ ಕೊಂಬೆಯನ್ನು ಬುಡಕ್ಕೇ ತೆಗೆಸಿ. ಸೊಪ್ಪನ್ನು ಅಡಿಕೆಯ ಬುಡಕ್ಕೆ ಹಾಕಿ, ಕೊಳೆತರೆ ಒಳ್ಳೆ ಗೊಬ್ಬರ. ಈ ದಾರಿಯಲ್ಲಿ ತೊಂದರೆ ಇಲ್ಲವೇ ಎಂದರೆ ಇದೆ. ಒಂದು ವರ್ಷ ಮರ ಹತ್ತುವವರು ಸಿಗದಿದ್ದರೆ ಆ ಡಿಸೆಂಬರಿಗೆ ಮತ್ತೆ ಹಣ್ಣು. ಪ್ರತಿ ವರ್ಷ ಜನ ಹಿಡಿಯುವುದು ನಿಮ್ಮಿಂದ ಆಗುವುದಿಲ್ಲ ಎಂದು ಈಗಲೇ ಅನ್ನಿಸಿದರೆ, ನಿಮ್ಮ ಗಂಡ ಹೇಳಿದ್ದೇ ಸರಿ, ಕಡಿಸುವುದೇ ವಾಸಿ.

ಈ ವರ್ಷದ ಹಣ್ಣಿಗೆ ಮೇ ತನಕ ಕಾಯಬೇಡಿ. ಈಗಲೇ ಎಲ್ಲವನ್ನೂ ಹೆಕ್ಕಿಸಿ, ಬಾವಿಯಿಂದ ದೂರ ಆಳದ ಹೊಂಡ ತೋಡಿ ಮುಚ್ಚಿಸಿ. ಗೊಬ್ಬರದ ಗುಂಡಿಗೆ ಹಾಕಿದರೆ ಬೀಜ ಮತ್ತೆ ತೋಟಕ್ಕೇ ಬರುತ್ತದೆ. ಬೀಜ ಕೊಳ್ಳುವ ಅಂಗಡಿಗಳು ಇವೆ, ತೊಳೆದು ಒಣಗಿಸಿ ಮಾರಬಹುದು ಎಂದು ಯಾರಾದರೂ ಹೇಳಬಹುದು. ಮಗು ಓಡಾಡುವ ಅಂಗಳದಲ್ಲಿ ಚಾಪೆ ತುಂಬ ಕಾಸರಕನ ಬೀಜ ಹರಡುವ ಧೈರ್ಯ ನನಗಂತೂ ಇಲ್ಲ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ನಿಮ್ಮಲ್ಲೂ ಪಾಲೆ ಮರದ ಕಷಾಯ ಕುಡಿಯುತ್ತೀರಿ, ಅಲ್ವಾ? ಬೆಳಕು ಹರಿಯುವ ಮುಂಚೆ ಹೋಗಿ ಕಲ್ಲಿನಲ್ಲಿ ಜಜ್ಜಿ ಕೆತ್ತೆ, ಅಂದರೆ ತೊಗಟೆ, ತರುವ ಕ್ರಮ. ಕತ್ತಲಲ್ಲಿ ಪಾಲೆಯ ಬದಲು ಕಾಸರಕನ ಕೆತ್ತೆ ತಂದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ. ಎರಡೂ ಬೂದು ತೊಗಟೆ, ಎರಡೂ ಕಹಿ. ನೀವು ಹತ್ತು ವರ್ಷ ಊರಲ್ಲಿ ಇರಲಿಲ್ಲ, ಗುರುತು ತಪ್ಪುವುದು ಸುಲಭ. ಪಾಲೆಗೆ ಒಂದೇ ಗಂಟಿನಲ್ಲಿ ಸುತ್ತಲೂ ಎಲೆ ಇರುತ್ತದೆ, ಹೆಚ್ಚಾಗಿ ಏಳು. ಗೀರಿದರೆ ಬಿಳಿ ಹಾಲು ಸುರಿಯುತ್ತದೆ. ಕಾಸರಕನಿಗೆ ಎದುರು ಬದುರು ಎರಡೇ ಎಲೆ, ಮಿರಮಿರ ಹೊಳೆಯುತ್ತದೆ, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಹಿಂದಿನ ದಿನ ಹಗಲಿನಲ್ಲೇ ಪಾಲೆ ಮರ ನೋಡಿ ನೂಲು ಕಟ್ಟಿ ಬನ್ನಿ.

ಕೊನೆಗೆ ಗುಳಿಗನ ವಿಷಯ. ಕಲ್ಲು ಇಟ್ಟವರೂ ಅಜ್ಜನೇ, ವರ್ಷ ವರ್ಷ ಸೊಪ್ಪು ಕಡಿಸಿದವರೂ ಅಜ್ಜನೇ. ಹಾಗಾಗಿ ಸವರುವುದಕ್ಕೆ ಅತ್ತೆಯವರ ಅಡ್ಡಿ ಇರಲಾರದು. ಪೂರ್ತಿ ಕಡಿಯುವ ಯೋಚನೆ ಬಂದರೆ ಮಾತ್ರ ಅವರನ್ನು ಮುಂದಿಟ್ಟುಕೊಂಡು, ಕುಟುಂಬದ ಹಿರಿಯರನ್ನು ಕೇಳಿ ಕಲ್ಲಿಗೆ ಬೇರೆ ಜಾಗ ನೋಡಿ. ಮೇ ತಿಂಗಳಲ್ಲಿ ಮರ ಹತ್ತುವವರು ಬಂದಾಗ ಉದ್ದ ತೋಳಿನ ಅಂಗಿ ಹಾಕಿಕೊಳ್ಳಲು ಹೇಳಿ, ಕೈ ತೊಳೆಯದೆ ಎಲೆಯಡಿಕೆ ಬಾಯಿಗೆ ಹಾಕಬೇಡಿ ಎಂದು ಹೇಳಿ. ದೊಡ್ಡ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಲಿ. ಕೆಳಗೆ ಗುಳಿಗನ ಕಲ್ಲೂ ಇದೆ, ಬಾವಿಕಟ್ಟೆಯೂ ಇದೆ.